ಮತ್ತೆ ಅದೇ ಗ್ರಹಕ್ಕೆ: ಸೈ-ಫೈ ಸರಣಿಗಳು ಹಳೇ ಜಾಗವನ್ನೇ ಯಾಕೆ ಸುತ್ತುತ್ತವೆ?

[ತೆರೆಯ ಮೇಲೆ: ಮರಳುಗಾಡು, ಎರಡು ಪುಟ್ಟ ರೋಬೋಗಳು ಅಕ್ಕಪಕ್ಕ]

ಮರಳುಗಾಡಿನ ಗ್ರಹದಲ್ಲಿ ಹೆತ್ತವರಿಲ್ಲದೆ ಬೆಳೆದ ಜೀವ. ಗುಟ್ಟು ಹೊತ್ತು ತಪ್ಪಿಸಿಕೊಂಡು ಬಂದ ಪುಟ್ಟ ರೋಬೋ. ಗ್ರಹಗಳನ್ನೇ ಸಿಡಿಸಿಬಿಡೋ ಆಯುಧ. ಇದು 1977ರ ಸ್ಟಾರ್ ವಾರ್ಸ್ ಕಥೆನಾ, ಅದೇ ಸರಣಿಯ 2015ರ ದಿ ಫೋರ್ಸ್ ಅವೇಕನ್ಸ್ ಕಥೆನಾ? ಎರಡೂ ಹೌದು. ಎರಡನೇದು ಜಗತ್ತಿನಾದ್ಯಂತ 200 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಸ್ಟುಡಿಯೋಗಳು ಹಳೇ ದಾರಿನೇ ಹಿಡಿಯೋದು ಯಾಕೆ ಅನ್ನೋದಕ್ಕೆ ಇಷ್ಟು ಸಾಕು.

ನನ್ನ ಪ್ರಶ್ನೆ ಬೇರೆ. ವಾಪಸ್ ಹೋದ ಕಥೆ, ಮೊದಲು ಅಲ್ಲಿ ನಡೆದದ್ದನ್ನ ಉಳಿಸಿಕೊಳ್ಳುತ್ತಾ, ಅಳಿಸಿಹಾಕುತ್ತಾ?

[ತೆರೆಯ ಮೇಲೆ: 1979 – 1986]

1979ರ ಏಲಿಯನ್‌ನಲ್ಲಿ ರಿಪ್ಲಿ ತನ್ನ ಬೆಕ್ಕಿನ ಜೊತೆ ಜೀವ ಉಳಿಸಿಕೊಂಡು ಹೊರಡ್ತಾಳೆ. 1986ರ ಮುಂದಿನ ಚಿತ್ರ ಏಲಿಯನ್ಸ್‌ನಲ್ಲಿ ನಿರ್ದೇಶಕ ಜೇಮ್ಸ್ ಕ್ಯಾಮರನ್ ಅವಳನ್ನ, ಆ ಜೀವಿ ಸಿಕ್ಕಿದ್ದ ಅದೇ ಗ್ರಹಕ್ಕೆ ಕಳಿಸಿದರು. ಆದರೆ ಅಷ್ಟರಲ್ಲಿ ಅವಳು 57 ವರ್ಷ ನಿದ್ದೆಯಲ್ಲೇ ಕಳೆದಿದ್ದಾಳೆ. ಆ ಗ್ರಹದಲ್ಲಿ ಕುಟುಂಬಗಳು ನೆಲೆಸಿವೆ. ಅವಳ ಮಾತನ್ನ ಕಂಪನಿ ನಂಬೋದಿಲ್ಲ. ಚಿತ್ರದ ದೀರ್ಘ ಆವೃತ್ತಿಯಲ್ಲಂತೂ ಅವಳ ಮಗಳು ಮುದುಕಿಯಾಗಿ ತೀರಿಕೊಂಡಿರ್ತಾಳೆ. ಹಾಗಾಗಿ ಕೊನೆಯಲ್ಲಿ, ಆ ಗ್ರಹದಲ್ಲಿ ಬದುಕುಳಿದ ಪುಟ್ಟ ಹುಡುಗಿ ನ್ಯೂಟ್‌ಗೋಸ್ಕರ ರಾಣಿ ಏಲಿಯನ್ ಎದುರು ನಿಂತು ‘ಅವಳಿಂದ ದೂರ ಸರಿ!’ ಅಂತ ರಿಪ್ಲಿ ಗುಡುಗಿದಾಗ, ಅದು ಒಬ್ಬ ತಾಯಿಯ ಸಿಟ್ಟು.

2024ರ ಏಲಿಯನ್: ರಾಮ್ಯುಲಸ್‌ನಲ್ಲಿ ಅದೇ ಸಾಲನ್ನ ಆಂಡಿ ಅನ್ನೋ ಕೃತಕ ಮಾನವನ ಬಾಯಲ್ಲಿ ಹೇಳಿಸಿದ್ದಾರೆ. ಆ ಮಾತಿನ ಹಿಂದೆ ಇರೋದು ಆಂಡಿಯ ಬದುಕಲ್ಲ, ನಮ್ಮ ನೆನಪು ಮಾತ್ರ. ನನಗೆ ಇದು ನಿಜಕ್ಕೂ ಬೇಸರ ತರಿಸಿತು. ಯಾಕಂದ್ರೆ ಸೂರ್ಯನ ಬೆಳಕೇ ಬೀಳದ ಗಣಿ ಕಾಲೊನಿಯಿಂದ ಓಡಿಹೋಗಲು ಹೊರಟ ಹುಡುಗ ಹುಡುಗಿಯರ ಕಥೆಯಾಗಿ ಆ ಚಿತ್ರದ ಶುರು ತುಂಬಾ ಚೆನ್ನಾಗಿದೆ.

[ತೆರೆಯ ಮೇಲೆ: ಟರ್ಮಿನೇಟರ್ ಸರಣಿಯ ಕಾಲರೇಖೆ]

ಟರ್ಮಿನೇಟರ್ ಕಷ್ಟ ಇನ್ನೂ ದೊಡ್ಡದು. 1991ರ ಎರಡನೇ ಚಿತ್ರದಲ್ಲಿ ಸಾರಾ ಮತ್ತು ಅವಳ ಮಗ ಜಾನ್, ಯಂತ್ರಗಳು ತರಲಿದ್ದ ಪ್ರಳಯವನ್ನೇ ತಡೀತಾರೆ. ಅಲ್ಲಿಗೆ ಕಥೆ ಮುಗೀತು! ಮುಂದಿನ ಚಿತ್ರ ಬೇಕು ಅಂದ್ರೆ ಆ ಗೆಲುವನ್ನ ಸುಳ್ಳು ಮಾಡಲೇಬೇಕು. 2003ರಲ್ಲಿ ಪ್ರಳಯ ಮುಂದಕ್ಕೆ ಹೋಗಿತ್ತಷ್ಟೇ ಅಂದರು. 2019ರ ಡಾರ್ಕ್ ಫೇಟ್‌ನಲ್ಲಿ, ಪ್ರಳಯ ತರುವ ಕಂಪ್ಯೂಟರ್ ಬುದ್ಧಿ ಸ್ಕೈನೆಟ್ ಹೋಗಿ ಅದರ ಜಾಗಕ್ಕೆ ಲೀಜನ್ ಬಂತು, ಶುರುವಿನಲ್ಲೇ ಜಾನ್‌ನನ್ನ ಕೊಂದರು. ಯಾರನ್ನ ಉಳಿಸೋಕೆ ಎರಡು ಚಿತ್ರ ಹೋರಾಡಿದರೋ ಆ ಹುಡುಗನನ್ನೇ.

[ತೆರೆಯ ಮೇಲೆ: ಹುಲ್ಲುಗಾವಲು, 1719]

ಇದಕ್ಕೆ ವಿರುದ್ಧವಾದದ್ದು 2022ರ ಪ್ರೇ. ಬೇಟೆಗಾರ, 1987ರ ಪ್ರಿಡೇಟರ್ ಚಿತ್ರದ ಅದೇ ಅನ್ಯಗ್ರಹ ಜೀವಿಯ ಜಾತಿ. ಆದರೆ ಕಾಲ 1719, ಎದುರಾಳಿ ನಾರು ಅನ್ನೋ, ಅಮೆರಿಕದ ಮೂಲನಿವಾಸಿ ಕೊಮಾಂಚಿ ಬುಡಕಟ್ಟಿನ ಹುಡುಗಿ. ಆ ಹಳೇ ಚಿತ್ರದಲ್ಲಿ ನಾಯಕ ಮೈಗೆ ಕೆಸರು ಮೆತ್ತಿಕೊಂಡು ಅದರ ಶಾಖ ಗುರುತಿಸೋ ಕಣ್ಣಿಂದ ತಪ್ಪಿಸಿಕೊಳ್ತಾನೆ. ನಾರು, ರಕ್ತ ತಣ್ಣಗಾಗಿಸೋ ಹೂವನ್ನ ಬಳಸ್ತಾಳೆ. ಅದು ಅವಳ ಜನರಿಗೆ ಗೊತ್ತಿದ್ದ ಔಷಧಿ. ನಿಯಮ ಹಳೇದೇ, ಉತ್ತರ ಮಾತ್ರ ಅವಳದೇ.

ಪ್ರೇ ನಿರ್ದೇಶಕ ಡ್ಯಾನ್ ಟ್ರಾಕ್ಟನ್‌ಬರ್ಗ್, 2025ರ ಪ್ರಿಡೇಟರ್: ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಆ ಬೇಟೆಗಾರರ ಜಾತಿಯವನನ್ನೇ ಕಥಾನಾಯಕನನ್ನಾಗಿ ಮಾಡಿದರು. ನೀವು ಇವೆರಡನ್ನೂ ನೋಡಿಲ್ಲ ಅಂದ್ರೆ, ಮೊದಲು ಪ್ರೇ ನೋಡಿ.