ಬಣ್ಣ ಹೋದ ಗೊಂಬೆ ಬೇಕಾಗಿದೆ

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಚಿಕ್ಕಪೇಟೆ ಹತ್ತಿರದ ಸಂಡೇ ಬಜಾರ್. ಹಳೇ ಮಿಕ್ಸಿ ಜಾರು, ಒಂಟಿ ಶೂ, ಯಾವ ಟಿವಿಯದ್ದೋ ರಿಮೋಟು. ಇದರ ಮಧ್ಯೆ ನಾನು ಕೂತು ಹುಡುಕುತ್ತಿರುವುದು ಚನ್ನಪಟ್ಟಣದ ಆಟಿಕೆ. ಅದೂ ಯಾರೋ ಆಡಿ ಬಿಟ್ಟಿದ್ದು.

'ಅದ್ಯಾಕೆ ಮೇಡಂ, ಮೈಸೂರು ರೋಡಲ್ಲಿ ಹೊಸದೇ ಸಿಗುತ್ತಲ್ಲ' ಅಂದರು ಗುಜರಿ ಅಣ್ಣ. ನಿಜ. 60 ಕಿಲೋಮೀಟರ್ ಹೋದರೆ ರಸ್ತೆ ಪಕ್ಕ ಸಾಲಾಗಿ ಅಂಗಡಿಗಳಿವೆ. ಆದರೆ ನನಗೆ ಸವೆದದ್ದೇ ಬೇಕು.

ಪ್ರಾಜೆಕ್ಟ್ ಇಷ್ಟೇ. ಒಂದು ಉದ್ದದ ಹಲಗೆ, ಮೇಲೆ 40 ಆಟಿಕೆ. ಎಡಗಡೆ ಬಣ್ಣ ಪೂರ್ತಿ ಇರುವುದು. ಬಲಗಡೆ ಹೋದ ಹಾಗೆ ಸವೆದು ಸವೆದು, ಕೊನೆಗೆ ಬರೀ ಮರ.

ಈ ಗಿಲಕಿ ನೋಡಿ. ಹಿಡಿಯ ಹತ್ತಿರ ಹಳದಿ ಹೊಳೀತಾ ಇದೆ. ತುದಿಯಲ್ಲಿ ಮಾತ್ರ ಸಣ್ಣ ಸಣ್ಣ ಗುಳಿ. ಹಲ್ಲು ಬರೋ ಟೈಮಲ್ಲಿ ಯಾವುದೋ ಮಗು ಚೆನ್ನಾಗಿ ಕಚ್ಚಿದೆ! ಇದಕ್ಕೆ 30 ರೂಪಾಯಿ ಕೊಟ್ಟೆ. ಚೌಕಾಸಿ ಮಾಡಲಿಲ್ಲ.

ಬ್ರಷ್ಷಿನಲ್ಲಿ ಬಳಿದ ಪೇಂಟಾದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಇದು ಹಾಗಲ್ಲ, ಅರಗು. ಲೇತಿನಲ್ಲಿ ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಒಣಗಿದ ತಾಳೆಗರಿ ಒತ್ತಿ ಹೊಳಪು ಕೊಡುತ್ತಾರೆ. ಹಾಗಾಗಿ ಮಗುವಿನ ಕೈ ಎಲ್ಲಿ ಜಾಸ್ತಿ ಓಡಾಡಿತೋ ಅಲ್ಲೇ ನಿಧಾನವಾಗಿ ತೆಳುವಾಗುತ್ತದೆ.

ಇದೆಲ್ಲ ಗೊತ್ತಿದ್ದೂ ಒಂದು ಪೆದ್ದು ಕೆಲಸ ಮಾಡಿದೆ. ಕೆಂಪು ರೈಲಿನ ಡಬ್ಬಿ ಕೊಳೆಯಾಗಿತ್ತು. ಹತ್ತಿಗೆ ಸ್ಯಾನಿಟೈಸರ್ ಹಾಕಿ ಒರೆಸಿದೆ. ಹತ್ತಿ ಪೂರ್ತಿ ಕೆಂಪು! ಸ್ಪಿರಿಟ್ಟಿಗೆ ಅರಗು ಕರಗುತ್ತೆ ಅನ್ನೋದು ಆ ಕ್ಷಣಕ್ಕೆ ನೆನಪೇ ಆಗಲಿಲ್ಲ. ಒಂದು ಮಗು ಎಷ್ಟೋ ವರ್ಷ ಸವೆಸಿದ ಗುರುತನ್ನ ನಾನು ಅರ್ಧ ನಿಮಿಷದಲ್ಲಿ ಅಳಿಸಿಬಿಟ್ಟೆ. ಆ ಡಬ್ಬಿ ಈಗ ಸಾಲಿನಲ್ಲಿಲ್ಲ, ನನ್ನ ಟೇಬಲ್ ಮೇಲಿದೆ. ಈಗೇನಿದ್ದರೂ ಒಣಬಟ್ಟೆ ಮಾತ್ರ.

39 ಆಯ್ತು. ಬಲಗಡೆಯ ಕೊನೇದು, ಚೂರೂ ಬಣ್ಣ ಇಲ್ಲದ್ದು, ನಾಲ್ಕು ಭಾನುವಾರ ಅಲೆದರೂ ಸಿಗಲಿಲ್ಲ. ಸಿಕ್ಕಿದ್ದು ಎಲ್ಲಿ ಗೊತ್ತಾ? ನಮ್ಮಮ್ಮನ ದೇವರ ಮನೆಯಲ್ಲಿ. ನನ್ನ ಅಡುಗೆ ಆಟದ ಸೆಟ್ಟಿನ ಪುಟ್ಟ ಬೀಸೋ ಕಲ್ಲು. ಗೂಟ ಎಂದೋ ಕಳೆದುಹೋಗಿದೆ. ಆ ತೂತಿನಲ್ಲಿ ಅಮ್ಮ ದಿನಾ ಊದಿನಕಡ್ಡಿ ಸಿಕ್ಕಿಸುತ್ತಾರೆ.

'ಅಮ್ಮ, ಒಂದು ತಿಂಗಳಿಗೆ ಕೊಡ್ತೀಯಾ?'

'ಕಡ್ಡಿ ಎಲ್ಲಿ ಸಿಕ್ಕಿಸಲೇ, ನಿನ್ನ ತಲೇಲಾ?'

ಮುಂದಿನ ಭಾನುವಾರ ಮತ್ತೆ ಬಜಾರಿಗೆ. ಈ ಸಲ ಹುಡುಕಬೇಕಿರುವುದು ಒಂದು ಹಿತ್ತಾಳೆ ಊದಿನಕಡ್ಡಿ ಸ್ಟ್ಯಾಂಡು.