ಮಂಪರಿನಲ್ಲೂ ಓಗೊಡುವ ಮಗು: ಹಲ್ಲಿನ ಚಿಕಿತ್ಸೆ ಮತ್ತು ಕಾನ್ಷಿಯಸ್ ಸೆಡೇಷನ್

[ದೃಶ್ಯ: ಚಿಕಿತ್ಸೆಯ ಕುರ್ಚಿಯಲ್ಲಿ ಬಾಯಿ ಬಿಗಿಮುಚ್ಚಿ ಕುಳಿತ ಮಗು]

ನಮಸ್ಕಾರ. ಮಗುವಿಗೆ ಸೆಡೇಷನ್ ಕೊಟ್ಟು ಹಲ್ಲಿನ ಚಿಕಿತ್ಸೆ ಮಾಡೋಣ ಎಂದು ವೈದ್ಯರು ಹೇಳಿದ ಕೂಡಲೇ ತಂದೆತಾಯಿಯರು ಕೇಳುವ ಪ್ರಶ್ನೆ ಒಂದೇ: "ಪ್ರಜ್ಞೆ ತಪ್ಪಿಸುತ್ತೀರಾ?" ಇಲ್ಲ. ಕಾನ್ಷಿಯಸ್ ಸೆಡೇಷನ್ ಎಂದರೆ ಭಯ ತಗ್ಗುವಷ್ಟು ಮಾತ್ರ ಮಂಪರು. ಹೆಸರು ಹಿಡಿದು ಕರೆದರೆ ಮಗು ಓಗೊಡಬೇಕು, ಬಾಯಿ ತೆರೆ ಎಂದರೆ ತೆರೆಯಬೇಕು, ಉಸಿರಾಟ ಯಾರ ನೆರವೂ ಇಲ್ಲದೆ ಸಾಗುತ್ತಿರಬೇಕು. ಕರೆದರೂ ಓಗೊಡದೆ, ನೋವು ತಾಗಿದಾಗಷ್ಟೇ ಅಲುಗುವ ಸ್ಥಿತಿಗೆ ಹೋದರೆ ಅದು ಆಳವಾದ ಮಂಪರು. ಅದರಾಚೆಯದು ಪೂರ್ಣ ಅರಿವಳಿಕೆ. ಈ ಹಂತಗಳ ನಡುವೆ ಗೋಡೆಯಿಲ್ಲದ ಕಾರಣ, ಎಣಿಸಿದ್ದಕ್ಕಿಂತ ಒಂದು ಹಂತ ಕೆಳಗೆ ಜಾರಿದ ಮಗುವನ್ನು ಕಾಪಾಡುವ ತರಬೇತಿ ಚಿಕಿತ್ಸೆ ಕೊಡುವವರಿಗೆ ಇರಲೇಬೇಕು.

[ದೃಶ್ಯ: ಮೂಗಿನ ಮೇಲೆ ಕೂರುವ ಚಿಕ್ಕ ಮಾಸ್ಕ್]

ಹೆಚ್ಚು ಬಳಕೆಯಲ್ಲಿರುವುದು ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲ. 1844ರ ಡಿಸೆಂಬರಿನಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಇದನ್ನು ಸೇವಿಸಿ ತನ್ನದೇ ಹಲ್ಲು ಕೀಳಿಸಿಕೊಂಡಿದ್ದ. ಇಂದು ಅದನ್ನು ಆಮ್ಲಜನಕದೊಂದಿಗೆ ಬೆರೆಸಿ, ಕಡಿಮೆ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಏರಿಸುತ್ತಾರೆ, ಸಾಮಾನ್ಯವಾಗಿ ಶೇ. 50 ಮೀರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಹಿಡಿಯುತ್ತದೆ, ನಿಲ್ಲಿಸಿದರೆ ಅಷ್ಟೇ ಬೇಗ ಇಳಿಯುತ್ತದೆ. ಆದರೆ ಮೂಗಿನಿಂದ ಎಳೆದುಕೊಂಡರೆ ಮಾತ್ರ ಫಲವಿರುವುದರಿಂದ, ಮೂಗು ಕಟ್ಟಿದ ಮಗುವಿಗೂ, ಮಾಸ್ಕ್ ಕಂಡೊಡನೆ ಚೀರಿ ಅಳುವ ಮಗುವಿಗೂ ಇದು ಒಗ್ಗದು.

ಅಂಥ ಮಕ್ಕಳಿಗೆ ಮಿಡಜೋಲಾಮ್‌ನಂತಹ ಔಷಧವನ್ನು ತೂಕಕ್ಕೆ ತಕ್ಕಂತೆ, ಪ್ರತಿ ಕಿಲೋಗ್ರಾಂಗೆ ಸುಮಾರು 0.25ರಿಂದ 0.5 ಮಿಲಿಗ್ರಾಂ ಲೆಕ್ಕದಲ್ಲಿ ಕುಡಿಸಿ, ಕಾಲು ಗಂಟೆಯಿಂದ ಅರ್ಧ ಗಂಟೆ ಕಾಯುತ್ತಾರೆ. ಅನಿಲವನ್ನು ಗುಂಡಿ ತಿರುಗಿಸಿ ಇಳಿಸಬಹುದು, ನುಂಗಿದ ಔಷಧವನ್ನು ಹಾಗೆ ಇಳಿಸಲಾಗದು. ಮಗು ಅರ್ಧ ಉಗುಳಿದರೆ ಒಳಗೆ ಎಷ್ಟು ಹೋಯಿತೆಂಬುದು ತಿಳಿಯದ ಕಾರಣ, ಅಂದಾಜಿನ ಮೇಲೆ ಮತ್ತೆ ಕುಡಿಸುವುದು ಅಪಾಯಕರ. ಅದೇ ಕಾರಣಕ್ಕೆ ಈ ಔಷಧವನ್ನು ಮನೆಯಲ್ಲಿ ಕೊಟ್ಟು ಕರೆತರಬಾರದು. ಕೆಲವೊಮ್ಮೆ ಪರಿಣಾಮ ತಿರುವುಮುರುವಾಗಿ, ಮಗು ಶಾಂತವಾಗುವ ಬದಲು ಕೆರಳುವುದೂ ಉಂಟು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಸರಿಪಡಿಸಬೇಕು. ಸೆಡೇಷನ್ ಇಳಿಸುವುದು ಮುಖ್ಯವಾಗಿ ಭಯವನ್ನು. ನೋವು ತಡೆಯಲು ವಸಡಿಗೆ ಮರಗಟ್ಟಿಸುವ ಚುಚ್ಚುಮದ್ದು ಬೇಕೇ ಬೇಕು. ಅದಕ್ಕೂ ತೂಕಕ್ಕೆ ತಕ್ಕ ಮಿತಿಯಿದೆ, ಎರಡೂ ಔಷಧಗಳ ಪರಿಣಾಮ ಒಂದರ ಮೇಲೊಂದು ಕೂಡಿಕೊಳ್ಳಬಲ್ಲದು.

[ದೃಶ್ಯ: ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್]

ಹಲ್ಲಿನ ಚಿಕಿತ್ಸೆಯ ನಿಜವಾದ ಇಕ್ಕಟ್ಟು ಬೇರೆಯೇ ಇದೆ: ವೈದ್ಯರು ಕೆಲಸ ಮಾಡುವ ಬಾಯಿಯೇ ಮಗುವಿನ ಉಸಿರಿನ ಹಾದಿಯ ಬಾಗಿಲು. ಡ್ರಿಲ್‌ನ ನೀರು, ಹತ್ತಿ, ರಕ್ತ ಎಲ್ಲವೂ ಅಲ್ಲೇ. ಮಕ್ಕಳ ಶ್ವಾಸಮಾರ್ಗ ಕಿರಿದು, ಬಾಯಿಯ ಅಳತೆಗೆ ನಾಲಿಗೆ ದೊಡ್ಡದು, ಟಾನ್ಸಿಲ್ ಊದಿದ್ದರೆ ಹಾದಿ ಇನ್ನೂ ಇಕ್ಕಟ್ಟು. ಉಸಿರು ತಡೆದರೆ ದೊಡ್ಡವರಿಗಿಂತ ಬೇಗ ಅವರ ರಕ್ತದ ಆಮ್ಲಜನಕ ಕುಸಿಯುತ್ತದೆ. ಆದ್ದರಿಂದ ಔಷಧ ಕುಡಿಸಿದ ಮಗುವಿನ ಉಸಿರು, ನಾಡಿ, ಆಮ್ಲಜನಕದ ಮಟ್ಟಗಳನ್ನು ಗಮನಿಸಲು ಹಲ್ಲಿನ ಕೆಲಸ ಮಾಡುವವರಲ್ಲದೆ ಇನ್ನೊಬ್ಬರು ಇರಬೇಕು. ಹಾಗೆ ನೋಡುವವರು ಯಾರು ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಯಾವ ಔಷಧ ಎಂಬ ಪ್ರಶ್ನೆಗಿಂತ ಇದೇ ಮುಖ್ಯವೆಂದು ನನ್ನ ಅನಿಸಿಕೆ.

ಹೊಟ್ಟೆ ಖಾಲಿಯಿರಬೇಕೆಂಬ ನಿಯಮವೂ ಉಸಿರಿಗೇ ಸಂಬಂಧಿಸಿದ್ದು, ಏಕೆಂದರೆ ಮಂಪರಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ನೀರಿಗೆ 2 ಗಂಟೆ, ತಾಯಿಯ ಹಾಲಿಗೆ 4, ಹಸುವಿನ ಹಾಲಿಗೂ ಲಘು ಆಹಾರಕ್ಕೂ 6 ಗಂಟೆಗಳ ಅಂತರ ವಾಡಿಕೆಯ ಲೆಕ್ಕ. ಅಳುತ್ತಿತ್ತೆಂದು ಅರ್ಧ ಲೋಟ ಹಾಲು ಕುಡಿಸಿದ್ದರೆ ಅದನ್ನು ಮುಚ್ಚಿಡದೆ ಹೇಳಿ; ಚಿಕಿತ್ಸೆ ಮುಂದಕ್ಕೆ ಹೋಗಬಹುದು, ಅಷ್ಟೇ. ನೆಗಡಿ, ಗೊರಕೆ, ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ವಿಚಾರವನ್ನೂ ಹೀಗೆಯೇ ತಿಳಿಸಬೇಕು.

[ದೃಶ್ಯ: ಕಾರಿನ ಹಿಂದಿನ ಸೀಟಿನಲ್ಲಿ ಮಗು, ಪಕ್ಕದಲ್ಲಿ ತಾಯಿ]

ಕೊನೆಯಲ್ಲಿ ಅನಿಲ ನಿಲ್ಲಿಸಿ ಸುಮಾರು 5 ನಿಮಿಷ ಶುದ್ಧ ಆಮ್ಲಜನಕ ಕೊಡುತ್ತಾರೆ. ಔಷಧ ಕುಡಿದ ಮಗು ಚೆನ್ನಾಗಿ ಎಚ್ಚರಗೊಂಡ ಮೇಲಷ್ಟೇ ಹೊರಡಬೇಕು. ದಾರಿಯಲ್ಲಿ ಅದು ತೂಕಡಿಸಿ ತಲೆ ಎದೆಗೆ ಬಾಗಿದರೆ ಶ್ವಾಸಮಾರ್ಗ ಮುಚ್ಚಬಹುದಾದ್ದರಿಂದ, ವಾಹನ ಓಡಿಸುವವರಲ್ಲದೆ ಮತ್ತೊಬ್ಬ ದೊಡ್ಡವರು ಪಕ್ಕದಲ್ಲಿ ಕೂತಿರಬೇಕು. ಮನೆಗೆ ಬಂದ ಮೇಲೂ ಕೆಲವು ಗಂಟೆ ತುಟಿ ಮರಗಟ್ಟಿಯೇ ಇರುತ್ತದೆ. ಅರಿವಿಲ್ಲದೆ ಅದನ್ನು ಕಚ್ಚಿಕೊಂಡು ಗಾಯ ಮಾಡಿಕೊಳ್ಳುವ ಮಕ್ಕಳು ಬಹಳ, ಹಾಗಾಗಿ ಜೋಮು ಬಿಡುವ ತನಕ ಅಗಿದು ತಿನ್ನುವ ಆಹಾರ ಬೇಡ.