ರಿಪೇರಿಯೋ, ಮಾರಾಟವೋ: ನಮ್ಮ ಹದಿನೆಂಟು ವರ್ಷದ ಕಾರು

ನಮ್ಮ ಈ ಬಿಳಿ ಕಾರನ್ನು ಅಪ್ಪಯ್ಯ 2007ರ ಜೂನ್‌ನಲ್ಲಿ ಕೊಂಡರು. ಅಂದಿನಿಂದ ಇಂದಿನವರೆಗೆ ಒಂದು ಮಳೆಗಾಲವನ್ನೂ ಬಿಡದೆ ಅದು ಕುಂದಾಪುರದ ನಮ್ಮ ಅಂಗಳದಲ್ಲಿ, ಕಡಲಿಗೆ ಒಂದು ಕಿಲೋಮೀಟರ್ ದೂರದಲ್ಲಿ ಕಳೆದಿದೆ. ಹೋದ ತಿಂಗಳು ಹೊಸನಗರಕ್ಕೆ ಹೊರಟಾಗ ಬಾಳೆಬರೆ ಘಾಟಿಯ ಏರಿನಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿ, ಬಾನೆಟ್ ಸಂದಿನಿಂದ ಹಬೆ ಎದ್ದಿತು. ಅಂದಿನಿಂದ ಮನೆಯಲ್ಲಿ ಇದನ್ನು ರಿಪೇರಿ ಮಾಡಿಸುವುದೋ, ಮಾರಿಬಿಡುವುದೋ ಎಂಬುದೇ ಮಾತು.

ರೇಡಿಯೇಟರ್, ವಾಟರ್ ಪಂಪ್, ರಬ್ಬರ್ ಹೋಸುಗಳು ಮತ್ತು ಜಾರುತ್ತಿರುವ ಕ್ಲಚ್ ಸೇರಿ ಗ್ಯಾರೇಜಿನವರು 31,000 ರೂಪಾಯಿಯ ಅಂದಾಜು ಕೊಟ್ಟರು. ಬ್ರೋಕರ್ ಒಬ್ಬರು ಇದ್ದ ಸ್ಥಿತಿಯಲ್ಲೇ 45,000ಕ್ಕೆ ಕೇಳಿದರು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಮಾರುವುದೇ ಜಾಣತನವೆನಿಸುತ್ತದೆ, ನನಗೂ ಒಂದು ವಾರ ಹಾಗೆಯೇ ಅನಿಸಿತ್ತು. ಆದರೆ ಅಷ್ಟೇ ಹಣಕ್ಕೆ ಬೇರೊಂದು ಹಳೆಯ ಕಾರು ತಂದರೆ ಅದರ ಪೂರ್ವಾಪರ ನನಗೆ ತಿಳಿದಿರುವುದಿಲ್ಲ. ಇದರದ್ದಾದರೆ, ಅಪ್ಪಯ್ಯ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಬದಲು ವರ್ಷಗಟ್ಟಲೆ ಬಾವಿ ನೀರು ಸುರಿದು ರೇಡಿಯೇಟರಿನ ಒಳಗೆ ತುಕ್ಕು ಕಟ್ಟಿಸಿದ್ದೂ ಸೇರಿ, ಎಲ್ಲವೂ ಗೊತ್ತು. (ಈ ಸಾಲನ್ನು ಅವರು ಓದುವುದಿಲ್ಲವೆಂದು ನಂಬಿದ್ದೇನೆ.)

ಹಾಗಾಗಿ ಬೆಲೆಯನ್ನು ಬದಿಗಿಟ್ಟು, ಕೆಟ್ಟಿರುವುದು ಯಾವ ಭಾಗ ಎಂದು ನೋಡಲು ಹೊರಟೆ. ಎಂಜಿನ್ ಆಯಿಲ್‌ನ ಕಡ್ಡಿ ಎಳೆದು ನೋಡಿದೆವು: ನೀರು ಬೆರೆತಿದ್ದರೆ ಆಯಿಲ್ ಹಾಲು ಹಾಕಿದ ಚಹಾದಂತೆ ಕಾಣಬೇಕಿತ್ತು, ಹಾಗಿರಲಿಲ್ಲ; ಎಂಜಿನ್ನಿನ ಒಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದೆಂಬ ಭಯ ಅಲ್ಲಿಗೆ ಬಹುಮಟ್ಟಿಗೆ ಇಳಿಯಿತು. ನಿಜವಾದ ಪರೀಕ್ಷೆ ನಡೆದದ್ದು ಕಾರನ್ನು ಲಿಫ್ಟ್ ಮೇಲೆ ಏರಿಸಿದಾಗ. ಕರಾವಳಿಯ ಉಪ್ಪುಗಾಳಿ ಬಣ್ಣದ ಮೇಲಲ್ಲ, ಕೆಳಗೆ, ಕೆಸರು ಒಣಗದೆ ಉಳಿಯುವ ಸಂದುಗಳಲ್ಲಿ ಕೆಲಸ ಮಾಡುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದಾಗ ಎಡಬದಿಯ ರನ್ನಿಂಗ್ ಬೋರ್ಡ್ (ಬಾಗಿಲುಗಳ ಕೆಳಗಿನ ಉದ್ದ ಪಟ್ಟಿ) ಒಂದು ಕಡೆ ಪುಡಿಯಾಗಿ ಉದುರಿತು, ಅದಕ್ಕೆ ತಗಡಿನ ತೇಪೆ ಸಾಕು. ಸಸ್ಪೆನ್ಷನ್ ಕೂರುವ ಜಾಗಗಳು ಮಾತ್ರ ಗಟ್ಟಿ ಸದ್ದು ಕೊಟ್ಟವು. ಅಲ್ಲಿ ಟೊಳ್ಳು ಕೇಳಿಸಿದ್ದರೆ ಎಂಜಿನ್ ಎಷ್ಟು ಚೆನ್ನಾಗಿದ್ದರೂ ನಾನು ಇದರಲ್ಲಿ ಮಕ್ಕಳನ್ನು ಕೂರಿಸುತ್ತಿರಲಿಲ್ಲ.

ಮಾರಾಟದ ಕಡೆ ನನ್ನನ್ನು ತಡೆದದ್ದು ಬ್ರೋಕರ್ ಕೇಳಿದ, ಸಹಿ ಮಾಡಿದ ಖಾಲಿ ಫಾರಂ 29 ಮತ್ತು 30, ಅಂದರೆ ಮಾಲೀಕತ್ವ ವರ್ಗಾವಣೆಯ ಅರ್ಜಿಗಳು. ಆರ್‌ಸಿ ಹೆಸರು ಬದಲಾಗದೆ ಕಾರು ಕೈಯಿಂದ ಕೈಗೆ ಹೋಗಿ ಅಪಘಾತವಾದರೆ, ದಾಖಲೆಯಲ್ಲಿರುವ ಮಾಲೀಕನೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕೊಳ್ಳುವವರು ಯಾರೆಂದು ತಿಳಿಯದೆ ಅಪ್ಪಯ್ಯನ ಸಹಿ ಕೊಡಲು ನಾನು ಒಪ್ಪಲಿಲ್ಲ.

ಕೊನೆಗೆ ರಿಪೇರಿಗೇ ಒಪ್ಪಿದೆವು, ಆದರೆ ಒಂದು ಗಡುವಿನೊಂದಿಗೆ. 2022ರ ಏಪ್ರಿಲ್‌ನಿಂದ ಹಳೆಯ ಕಾರಿನ ನೋಂದಣಿ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದ್ದರಿಂದ ಆ ವರ್ಷದ ಜೂನ್‌ನಲ್ಲಿ ಅಷ್ಟನ್ನೂ ಕಟ್ಟಿ ಐದು ವರ್ಷದ ನೋಂದಣಿ ಪಡೆದಿದ್ದೇವೆ; ಅದು 2027ರ ಜೂನ್‌ಗೆ ಮುಗಿಯುತ್ತದೆ. 20 ವರ್ಷ ದಾಟಿದ ಕಾರುಗಳಿಗೆ ಆ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿಸಲಾಗಿದೆ. ಆದ್ದರಿಂದ ಗೇರ್‌ಬಾಕ್ಸ್ ಇಳಿಸಿದಾಗಲೇ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಬದಲಿಸುತ್ತೇವೆ, ಬಾಗಿಲಿನ ನೆಗ್ಗುಗಳಿಗೂ ಬಣ್ಣಕ್ಕೂ ಒಂದು ರೂಪಾಯಿ ಹಾಕುವುದಿಲ್ಲ. 2027ರ ಜೂನ್‌ಗೆ ಮುನ್ನ ಕಾರನ್ನು ಮತ್ತೆ ಲಿಫ್ಟ್ ಏರಿಸಿ, ಅದೇ ಸ್ಕ್ರೂಡ್ರೈವರ್‌ನಿಂದ ಅದೇ ಜಾಗಗಳನ್ನು ತಟ್ಟಿ ನೋಡಲಿದ್ದೇನೆ.